ಬಾಟಲಿ ನೀರು

ಹಾವೇರಿ ಸ್ಟೇಷನ್ನಿನಲ್ಲಿ ನಿಂತ ಎಂಜಿನ್ನಿನ ಕಿಟಕಿ ಸಂದಿಗೆ ಯಾರೋ ಹಳೇ ಬಟ್ಟೆ ತುರುಕಿದ್ದರು. ನೋಡಿ ಋಷಿಕೇಶರಾಯರಿಗೆ ಮೈ ಉರಿಯಿತು. ಮೂವತ್ತು ವರ್ಷ ಎಂಜಿನ್ನುಗಳ ನಕ್ಷೆ ಬರೆದು ನಿವೃತ್ತರಾದವರು ಅವರು. ಈ ಓಡಿಸುವ ಮಂದಿ ಅರಮನೆ ಕೊಟ್ಟರೂ ಗುಡಿಸಲು ಮಾಡುತ್ತಾರೆ!

ಕಿಟಕಿಯಲ್ಲಿ ಲೋಕೋ ಪೈಲಟ್ ಸುರೇಖಾಳ ಒಣಗಿದ ತುಟಿ ಕಂಡಿತು. ರಾಯರು ದೊಡ್ಡ ಮನಸ್ಸು ಮಾಡಿ ತಮ್ಮ ಬಾಟಲಿ ಚಾಚಿದರು. "ಈ ಎಂಜಿನ್ ಡಿಸೈನ್ ಮಾಡಿದಾಂವ ನಾನ, ತಂಗಿ. ತಗೋ, ನೀರು ಕುಡಿ."

ಆಕೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಮಾಡಿದವರು ನೀವೇನ್ರಿ? ಮುಂಜಾನೆ ಡ್ಯೂಟಿ ಹತ್ತಿದಾಗಿಂದ ಹನಿ ನೀರು ಕುಡಿದಿಲ್ಲ. ಇದರಾಗ ಪಾಯಖಾನಿ ಎಲ್ಲಿ ಇಟ್ಟೀರಿ, ಅದನ್ನಷ್ಟು ತೋರಸ್ರಿ. ಕುಡೀತೇನಿ."

ಚಾಚಿದ ಬಾಟಲಿಯನ್ನು ರಾಯರು ಹಿಂದಕ್ಕೆಳೆದುಕೊಂಡರು. ಮೊದಲ ನಕ್ಷೆಯಲ್ಲಿ ಪಾಯಖಾನೆ ಇತ್ತು. ಜಾಗ ದಂಡ ಎಂದು ಅದರ ಮೇಲೆ ಗೀಟು ಹೊಡೆದವರು ರಾಯರೇ.