ತಂಬಿಗೆಯ ಅಂಚು

ಕಾರಿನಿಂದ ಇಳಿದ ಚಂದ್ರವ್ವ ನಮಸ್ಕಾರ ಹೇಳಲಿಲ್ಲ, ಆರಾಮವೇ ಎಂದು ಕೇಳಲಿಲ್ಲ. "ಪಾಯಖಾನಿ ಎಲ್ಲೈತ್ರಿ?" ಎಂದಳು. ರೇಣವ್ವ ಹಿತ್ತಲಿನತ್ತ ಕೈ ತೋರಿಸುವುದರೊಳಗೆ ಅವಳು ಅರ್ಧ ಅಂಗಳ ದಾಟಿಯಾಗಿತ್ತು.

ಬಾಗಿಲ ಮರೆಯಲ್ಲಿ ನಿಂತಿದ್ದ ರೇಣವ್ವನ ಮಗಳು ಸಪ್ನಾಳಿಗೆ ಮೈಯೆಲ್ಲ ಉರಿಯಿತು. ಮೂರು ವರ್ಷದ ಹಿಂದೆ ಮಗನಿಗೆಂದು ತನ್ನನ್ನು ನೋಡಲು ಗುಂಜಿಯ ಈ ಮನೆಗೆ ಬಂದಾಗ ಈಕೆ ಅಡುಗೆಮನೆ, ದನದ ಕೊಟ್ಟಿಗೆ ಎರಡನ್ನೂ ಮೂಗು ಮುಚ್ಚಿಕೊಂಡು ನೋಡಿದ್ದಳು. ಉಳಿದಿದ್ದುದು ಅದೊಂದೇ. ಈ ಸಲ ಅದನ್ನೂ ನೋಡಿಬಿಡಲಿ.

ಆ ದಿನವನ್ನು ಸಪ್ನಾ ಮರೆತಿರಲಿಲ್ಲ. ಚಂದ್ರವ್ವನ ಮನೆಯವರು ಬೆಳಗಾವಿಯಲ್ಲಿ ಎರಡು ಔಷಧದ ಅಂಗಡಿ ಇಟ್ಟವರು. ಚಂದ್ರವ್ವ ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ ಕುಳಿತಿದ್ದಳು. ತಂಬಿಗೆಯ ನೀರನ್ನು ಮುಟ್ಟದೆ ತನ್ನ ಚೀಲದಿಂದ ಬಾಟಲಿ ತೆಗೆದಿದ್ದಳು. "ನಮ್ಮ ಸಪ್ನಾ ಹುಟ್ಟಿದಾಗಿಂದ ಒಂದು ಗುಳಿಗಿ ನುಂಗಿಲ್ರಿ. ಅವರಜ್ಜಿ ಕಷಾಯದಾಗ ಬೆಳದಾಕಿ" ಎಂದು ರೇಣವ್ವ ಹೆಮ್ಮೆಪಟ್ಟಾಗ, "ಎಲ್ಲಾರೂ ಹಿಂಗ ಆದ್ರ ನಾವು ಅಂಗಡಿ ಬಾಗಲಾ ಹಾಕಬೇಕಾಕ್ಕೈತಿ" ಎಂದು ನಕ್ಕಿದ್ದಳು. ಮರುದಿನ ಫೋನಿನಲ್ಲಿ ಉತ್ತರ ಬಂದಿತ್ತು. ಹುಡುಗಿ ಚಂದ ಇದ್ದಾಳೆ, ಆದರೆ ಮೈಗೆ ಸೆಗಣಿ ವಾಸನೆ.

ಆಮೇಲೆ ಒಂದು ತಿಂಗಳು ಸಪ್ನಾ ಬಚ್ಚಲಲ್ಲಿ ತೊಗಲು ಕಿತ್ತುಬರುವ ಹಾಗೆ ಮೈ ತಿಕ್ಕಿಕೊಂಡಿದ್ದಳು.

ಆಗ ಅಜ್ಜಿ ಇನ್ನೂ ಇದ್ದಳು. "ಒದ್ದು ಹೋದ ರಾಜ ತಿರುಗಿ ಬರ್ತಾನವ್ವಾ, ಕಥಿ ಅಂದ್ರ ಹಂಗ" ಎಂದು ತಲೆ ಸವರಿದ್ದಳು. ಬಂದರೆ ಏನು ಹೇಳಬೇಕೆಂದು ಸಪ್ನಾ ಖಾನಾಪುರದ ಶಾಲೆಗೆ ಪಾಠ ಹೇಳಲು ಹೋಗುವ ರೈಲಿನ ಕಿಟಕಿಯಲ್ಲಿ ಕೂತು ಸಾವಿರ ಸಲ ಆಡಿಕೊಂಡಿದ್ದಳು.

ಈಗ ಬಂದಿದ್ದರು.

ಹಿತ್ತಲಿನಿಂದ ಬಂದ ಚಂದ್ರವ್ವ ಅದೇ ಕುರ್ಚಿಯ ಮೇಲೆ ಒರೆಸದೆಯೇ ಕುಸಿದಳು. ಬಹಳ ಸೊರಗಿದ್ದಳು. ಚಿನ್ನದ ಬಳೆಗಳು ಮೊಣಕೈತನಕ ಜಾರುತ್ತಿದ್ದವು. ಮಗ ರೋಹನ ಹಣ್ಣಿನ ಬುಟ್ಟಿ ಇಳಿಸಿ, "ದಾರ್ಯಾಗ ಮೂರು ಕಡೆ ಕಾರ್ ನಿಲ್ಲಿಸಬೇಕಾತ್ರಿ, ತಡ ಆತು" ಎಂದ. ಊರೂರಿಗೆ ನಿಂತು ನಮ್ಮ ಮನೆತನ ವಿಚಾರಿಸಿರಬೇಕು, ಎಂದುಕೊಂಡಳು ಸಪ್ನಾ.

ರೇಣವ್ವ ತಂಬಿಗೆಯಲ್ಲಿ ನೀರು ತಂದಳು. "ಒಲ್ಲೆ" ಎಂದು ಚಂದ್ರವ್ವ ಕೈ ಅಡ್ಡ ಹಿಡಿದಳು.

ಮೈ ಸೊರಗಿತ್ತು. ಸೊಕ್ಕು ಸೊರಗಿರಲಿಲ್ಲ.

"ಸಪ್ನಾನ್ನ ಕರೀರಿ, ಒಮ್ಮೆ ನೋಡೂಣು."

ಸಪ್ನಾ ಬಂದು ನಿಂತಳು. ರೋಹನ ಮೊಬೈಲಿನಲ್ಲಿ ಪಟ್ಟಿ ತೆರೆದ. ಈಗಲೂ ಗುಳಿಗೆ ತಗೊಳ್ಳುವುದಿಲ್ಲವೇ? ಇಂಜೆಕ್ಷನ್? ಜ್ವರ? ಹಚ್ಚೆ ಹಾಕಿಸಿಕೊಂಡದ್ದುಂಟೇ? ಉಣ್ಣುವುದೇನು?

"ಭಾಕ್ರಿ, ಮಜ್ಜಿಗಿ, ಅಂಬಲಿ" ಎಂದಳು ರೇಣವ್ವ.

"ಉಂಡದ್ದು ಅರಗತೈತ್ರಿ?"

"ಕಲ್ಲ ಕೊಟ್ರೂ ಅರಗಸ್ತಾಳ್ರಿ ನಮ್ಮ ಹುಡುಗಿ!"

"ರಕ್ತಾನೂ ಒಮ್ಮೆ ಪರೀಕ್ಷಾ ಮಾಡಸಬೇಕಾಕ್ಕೈತಿ" ಎಂದ ರೋಹನ.

ಸಪ್ನಾಳ ಬಾಯಲ್ಲಿ ಎಂಜಲು ಕಹಿಯಾಯಿತು. ಸಂತೆಯಲ್ಲಿ ಹೋರಿ ಕೊಳ್ಳುವವರೂ ಹಲ್ಲು ಎಣಿಸಿ ಸುಮ್ಮನಾಗುತ್ತಾರೆ.

ಅಷ್ಟರಲ್ಲಿ ಚಂದ್ರವ್ವ ಎದ್ದಳು. ಸಪ್ನಾಳ ಮುಂದೆ ಬಂದು ಸೆರಗು ಒಡ್ಡಿದಳು. "ಹಿಂದಿಂದು ಮರತ ಬಿಡು ನನ್ನವ್ವಾ. ಬೆಳಗಾವಿ ತುಂಬ ಹುಡುಕಿದ್ವಿ. ನಿನ್ನಂಥಾಕಿ ಒಬ್ಬಾಕೀನೂ ಸಿಗಲಿಲ್ಲ. ನೀ ಹೂಂ ಅಂದ್ರ ನಾ ಉಳೀತೀನಿ."

ರೇಣವ್ವನ ಕಣ್ಣು ತುಂಬಿದವು. ಮಗಳನ್ನು ಮೊಣಕೈಯಿಂದ ತಿವಿದಳು.

ಸಾವಿರ ಸಲ ಆಡಿಕೊಂಡದ್ದನ್ನು ಸಪ್ನಾ ಸಾವಿರದ ಒಂದನೇ ಸಲ ಆಡಿದಳು. "ಸೆಗಣಿ ವಾಸನಿ ಇನ್ನೂ ಹೋಗಿಲ್ರಿ. ನಿಮ್ಮ ಮಗನ್ನ ನಾ ಲಗ್ನ ಆಗೂದಿಲ್ಲ."

ಕೊಟ್ಟಿಗೆಯಲ್ಲಿ ಎಮ್ಮೆ ಕೂಗಿತು. ರೋಹನ ತಾಯಿಯ ಮುಖ ನೋಡಿದ, ತಾಯಿ ನೆಲ ನೋಡಿದಳು.

"ನನ್ನ ಲಗ್ನ ಹೋದ ವರ್ಷನ ಆಗೇತ್ರಿ" ಎಂದ ರೋಹನ.

ರೇಣವ್ವ ಮಗಳನ್ನು ತಿವಿದಿದ್ದ ಮೊಣಕೈ ಹಿಂದಕ್ಕೆಳೆದುಕೊಂಡಳು.

"ನಾವು ಬಂದಿದ್ದು ಅವ್ವನ ಸಲುವಾಗಿ. ಎಂಟು ತಿಂಗಳಾತು, ದಿನಾ ಹದಿನೈದು ಸಲ ಹೊಟ್ಟಿ ಹರೀತೈತಿ. ಹೊಟ್ಟಿ ಕಾಯೂ ಜೀವಾಣುಗಳನ್ನ ಗುಳಿಗಿ ನುಂಗಿ ನುಂಗಿ ನಾವ ಕೊಂದೀವಂತ. ಈಗ ಯಾವ ಔಷಧಾನೂ ಹತ್ತವಲ್ದು. ಬೆಳಗಾವ್ಯಾಗ ಒಂದ ಸಂಶೋಧನಾ ನಡದೈತಿ. ಗಟ್ಟಿಮುಟ್ಟ ಇದ್ದವರ ಹೊಟ್ಟೀ ಜೀವಾಣು ತಗೊಂಡು, ಸೋಸಿ, ಥಂಡ್ಯಾಗ ಒಣಗಿಸಿ ಕ್ಯಾಪ್ಸೂಲಿನ್ಯಾಗ ತುಂಬತಾರ. ನಮ್ಮ ಬಳಗದಾಗ ಹದಿನಾರು ಮಂದೀದು ತಪಾಸ ಮಾಡಿದ್ರು. ಎಲ್ಲಾರೂ ನಮ್ಮ ಅಂಗಡಿ ಗುಳಿಗಿ ನುಂಗಿದವರ. ಒಬ್ಬರದೂ ನಡೀಲಿಲ್ಲ."

"ಹೊಟ್ಟಿ ಒಳಗಿಂದು ಹೊರಗ ಹೆಂಗ ತಗೀತಾರೋ ಯಪ್ಪಾ?" ರೇಣವ್ವ ಗಾಬರಿಯಾದಳು. "ಕೊಯ್ತಾರೇನು?"

ರೋಹನ ಹಣ್ಣಿನ ಬುಟ್ಟಿಯ ಅಡಿಯಿಂದ ಅಗಲ ಬಾಯಿಯ, ಬಿಗಿ ಮುಚ್ಚಳದ ಬಿಳಿ ಡಬ್ಬಿಯೊಂದನ್ನು ತೆಗೆದಿಟ್ಟ. ಅದರ ಮೇಲೆ ಆಗಲೇ ಸಪ್ನಾಳ ಹೆಸರು ಬರೆದು ಅಂಟಿಸಿತ್ತು.

"ನಾಳೆ ಮುಂಜಾನಿಂದು" ಎಂದ, ಗೋಡೆಗೆ ಹೇಳುವವನಂತೆ.

"ಶಿವಾ ಶಿವಾ!" ರೇಣವ್ವನ ಸೆರಗು ತಾನೇ ಮೂಗಿಗೆ ಹೋಯಿತು.

ಸಪ್ನಾಳಿಗೆ ಮೊದಲು ವಾಕರಿಕೆ ಬಂತು. ಅದರ ಬೆನ್ನಿಗೇ ನಗು ಬಂತು. ಒದ್ದು ಹೋದ ರಾಜ ತಿರುಗಿ ಬರುತ್ತಾನೆಂದಷ್ಟೇ ಅಜ್ಜಿ ಹೇಳಿದ್ದಳು. ಬಂದು ಏನು ಬೇಡುತ್ತಾನೆಂದು ಹೇಳಿರಲಿಲ್ಲ.

ಚಂದ್ರವ್ವ ಇನ್ನೂ ಸೆರಗು ಒಡ್ಡಿಕೊಂಡೇ ನಿಂತಿದ್ದಳು. ಬಳೆಗಳು ಮತ್ತೆ ಮೊಣಕೈಗೆ ಜಾರಿದವು. ಸಪ್ನಾ ಅವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಒಳಗೆ ಹೋಗಿ ತಂಬಿಗೆ ತೊಳೆದು, ಹೊಸ ನೀರು ತುಂಬಿ ತಂದಳು.

"ಡಬ್ಬಿ ಇಟ್ಟ ಹೋಗ್ರಿ. ಆದ್ರ ಮೊದಲ ಈ ಮನಿ ನೀರ ಕುಡೀರಿ."

ನಾಳೆ ಮುಂಜಾನೆ ಸಪ್ನಾ ಪಾಯಖಾನೆಯಿಂದ ಡಬ್ಬಿಯಲ್ಲಿ ತುಂಬಿ ತರುವುದನ್ನು ನುಂಗುವುದಕ್ಕೆಂದೇ ಅಷ್ಟು ದೂರದಿಂದ ಬಂದಿದ್ದ ಚಂದ್ರವ್ವ, ಒಡ್ಡಿದ್ದ ಅದೇ ಸೆರಗಿನಿಂದ ತಂಬಿಗೆಯ ಅಂಚನ್ನು ಎರಡು ಸಲ ಒರೆಸಿ, ಕಣ್ಣು ಮುಚ್ಚಿಕೊಂಡು ನೀರು ಕುಡಿದಳು.