ಸುರಂಗದ ಬಾಯಿಗೆ ಕೂತವರು

"ಕೈಯಾಗಿನ ಬಳಿ ಜ್ವಾಕಿ, ಬಾಯಾರ. ನಿಮ್ಮನ್ನ ಕರಕೊಂಡ ಬಂದಾವ ಕಳ್ಳನ ಮಗ."

ಗುರಲಿಂಗಪ್ಪ ಸಾಹುಕಾರ ತೂಗುಮಂಚದಿಂದ ಏಳದೆಯೇ ಈ ಮಾತು ಅಂದ. ಧಾರವಾಡದಿಂದ ವಿಜಾಪುರ ನೋಡಲು ಬಂದಿದ್ದ ಎಂಟು ಜನ ಶಿಕ್ಷಕಿಯರು ನೀರಿನ ಲೋಟ ಹಿಡಿದು ಅಂಗಳದಲ್ಲಿ ನಿಂತಿದ್ದರು. ಎಂಟೂ ಜನ ಭಾಗಪ್ಪನ ಕಡೆ ತಿರುಗಿದರು. ಮುಂಜಾನೆಯಿಂದ ಅವರನ್ನು ಸಾಹುಕಾರರ ಪೇಟೆಯ ತುಂಬ ನಡೆಸಿ, ಒಂದೊಂದು ವಾಡೆಯ ಕಥೆ ಹೇಳಿಕೊಂಡು ಬಂದವನು ಅವನೇ. ಈ ವಾಡೆಯನ್ನು ಮಾತ್ರ ಯಾವಾಗಲೂ ಹೊರಗಿನಿಂದಲೇ ತೋರಿಸಿ ಮುಂದೆ ಸಾಗುತ್ತಿದ್ದ. ಇವತ್ತು ಅವರಲ್ಲಿ ಹಿರಿಯ ಶಿಕ್ಷಕಿ ಚಂದ್ರಾಬಾಯಿಗೆ ಬಿಸಿಲು ಹತ್ತಿ, ನೀರು ಕೇಳಲು ತಾವೇ ಒಳಗೆ ನಡೆದುಬಿಟ್ಟಿದ್ದರು.

ಕಳ್ಳ ಅನ್ನುವ ಮಾತಿಗೆ ಹನ್ನೊಂದು ವರ್ಷ. ಭಾಗಪ್ಪನ ಅಪ್ಪ ಗೊಲ್ಲಾಳಪ್ಪ ಈ ಅಂಗಳದ ಹೊಂಡಕ್ಕೆ ನೀರು ತರುವ ಬಾದಶಾಹಿ ಕಾಲದ ಸುರಂಗದಲ್ಲಿ ಹೂಳು ತೆಗೆಯಲು ಇಳಿದವನು ಮನೆಗೆ ಬರಲಿಲ್ಲ. ಬೆಳ್ಳಿ ಬಟ್ಟಲು ಕದ್ದು, ಸುರಂಗದ ಆ ಕಡೆಯ ಬಾಯಿಂದ ಎದ್ದು ಓಡಿಹೋದ ಎಂದು ಸಾಹುಕಾರ ಪೇಟೆಗೆಲ್ಲ ಸಾರಿದ. ಆಮೇಲೆ ಅವ್ವ ತಿಪ್ಪವ್ವನನ್ನು ಯಾರೂ ಕೂಲಿಗೆ ಕರೆಯಲಿಲ್ಲ. ಭಾಗಪ್ಪನ ಸಾಲಿ ನಾಲ್ಕನೆ ಇಯತ್ತೆಗೇ ಮುಗಿಯಿತು. ಗಂಡ ಇದ್ದಾನೋ ಇಲ್ಲವೋ ತಿಳಿಯದೆ, ಕುಂಕುಮ ಹಚ್ಚಿಕೊಳ್ಳುವಾಗ ಅವ್ವನ ಬೆರಳು ಹಣೆಯ ಹತ್ತಿರ ಹೋಗಿ ಇವತ್ತಿಗೂ ನಿಂತುಬಿಡುತ್ತದೆ.

ಭಾಗಪ್ಪನ ಕಿವಿ ಸುಟ್ಟ ಹಾಗಾಯಿತು. ಹೊಂಡದ ದಂಡೆಗೆ ಹೋಗಿ, ಒಂದು ದೊಡ್ಡ ಹಾಸುಗಲ್ಲು ತೋರಿಸಿದ. ಕಲ್ಲಿನ ಅಂಚಿನಲ್ಲಿ ಅಂಗೈಯಗಲ ಸಂದು ಇತ್ತು.

"ಸುರಂಗದ ಬಾಯಿ ಇದರ ಕೆಳಗ ಐತ್ರಿ. ನಮ್ಮ ಕೇರಿಯವರು ಇಳೀತಿದ್ರು. ಒಬ್ಬಾವ ಇಳದ್ರ ಮತ್ತೊಬ್ಬಾವ ಬಾಯಿಗಿ ಕೂಡ್ರಬೇಕು. ಹೆಸರ ಹಿಡದ ಕೂಗಬಾರದು. 'ಅದೀ ಏನಪ್ಪಾ' ಅನ್ನಬೇಕು. ಒಳಗಿನಾವ ಕಬ್ಬಿಣದ ಹಾರಿ ತಗೊಂಡು ಕಲ್ಲಿಗಿ ಮೂರ ಸಲ ಬಡೀತಾನ. ಅಂವ ಎದ್ದ ಮ್ಯಾಲ ಬರೂತನಾ ಕೂತಾವ ಏಳಂಗಿಲ್ಲ."

"ಎಲ್ಲಿ, ಕೂಗಿ ತೋರಸಪ್ಪ," ಚಂದ್ರಾಬಾಯಿ ಅಂದರು.

"ಅದೇನ್ ನೋಡ್ತೀರಿ ಬಾಯಾರ, ಬರ್ರಿ, ಚಾ ಮಾಡಸ್ತೀನಿ," ಸಾಹುಕಾರ ಅವಸರ ಮಾಡಿದ.

ಅಷ್ಟರಲ್ಲಿ ಭಾಗಪ್ಪ ಬೋರಲು ಮಲಗಿ ಸಂದಿಗೆ ಬಾಯಿ ಹಚ್ಚಿದ್ದ. ತಣ್ಣನೆಯ ಗಾಳಿ ಹಲ್ಲಿಗೆ ತಾಕಿತು. ಕೂಗಿದ. ಅವನ ದನಿ ಒಳಗೊಳಗೇ ಉರುಳುತ್ತ ದೂರ ಹೋಗಿ, ದಪ್ಪಗಾಗಿ ತಿರುಗಿ ಬಂತು. ಶಿಕ್ಷಕಿಯರು ನಕ್ಕರು. ನಗು ಇನ್ನೂ ಮುಗಿದಿರಲಿಲ್ಲ.

ಟಕ್. ಟಕ್. ಟಕ್.

ಕಬ್ಬಿಣ ಕಲ್ಲಿಗೆ ಬಡಿದ ಸದ್ದು. ಹೊಂಡದ ನೀರಿನ ಮೇಲೆ ಸಣ್ಣ ಉಂಗುರಗಳೆದ್ದು ದಂಡೆಗೆ ಬಂದು ತಾಕಿದವು.

"ಭಾರಿ ಅದೀಪಾ. ಆ ಕಡಿ ಯಾರನ್ನ ಕೂಡ್ರಿಸಿ ಬಂದೀ?" ಒಬ್ಬ ಶಿಕ್ಷಕಿ ಕೇಳಿದಳು.

"ಆ ಕಡಿ ಮಂದಿ ಇಳಿಯು ಬಾಯಿ ಗಾರಿ ಹಾಕಿ ಮುಚ್ಚ್ಯಾರ್ರಿ, ನೀರಷ್ಟs ಬರತೈತಿ. ಐದ ವರ್ಷ ಆತು." ಹೇಳುವಾಗ ಭಾಗಪ್ಪನ ಮೈ ಜುಮ್ಮೆಂದಿತು. ಬೌದ್ಧ ದೀಕ್ಷೆ ತೆಗೆದುಕೊಂಡ ದಿನವೇ ದೆವ್ವ ಭೂತಗಳನ್ನೆಲ್ಲ ಬಿಟ್ಟವನು ಅವನು. ಮತ್ತೆ ಸಂದಿಗೆ ಬಾಗಿ ಕೂಗಿದ. ಈ ಸಲ ದನಿ ತಿರುಗಿ ಬರಲೇ ಇಲ್ಲ. ಮೂರು ಏಟು ಮಾತ್ರ ಬಂದವು, ಇನ್ನೂ ಹತ್ತಿರದಿಂದ.

ತೂಗುಮಂಚ ನಿಂತಿತ್ತು. ಸಾಹುಕಾರ ಬರಿಗಾಲಲ್ಲಿ ಅವರ ಹಿಂದೆ ಬಂದು ನಿಂತಿದ್ದ.

"ಆವತ್ತೂ ಹಿಂಗ ಬಡದಿದ್ದ," ಅಂದ, ಯಾರಿಗೂ ಅಲ್ಲ ಎಂಬಂತೆ.

ಭಾಗಪ್ಪ ನಿಧಾನಕ್ಕೆ ಎದ್ದು ಕೂತ. "ಓಡಿ ಹೋದಾವ ಹೆಂಗ ಬಡದಾನ್ರಿ ಸಾಹುಕಾರ?"

ಸಾಹುಕಾರ ಸಂದಿನ ಕಡೆ ಬೆರಳು ಮಾಡಿದ. "ಕೂಗಾಕ ನಾನs ಕೂತಿದ್ದೆ. ನಿಮ್ಮ ಕೇರ್ಯಾಂವ ಮತ್ತೊಬ್ಬ ಮನ್ಯಾಗ ಬರೂದು ಬ್ಯಾಡಂತ ನಾನs ಕೂತೆ. ಬೀಗರು ಬಾಗಲಿಗಿ ಬಂದ್ರು. ನಮ್ಮ ಕುಡಿಯು ನೀರಾಗ ಅಂವ ಇಳದಾನಂತ ಕಂಡಿದ್ರ, ಮಗಳ ಲಗ್ನ ಅಲ್ಲಿಗೇ ಮುರೀತಿತ್ತು. ಒಂದ ತಾಸಿನ ಮಟ್ಟಿಗಿ ಅಂತ ಬಾಯಿ ಮ್ಯಾಲ ಕಲ್ಲ ಎಳಸಿದೆ. ಅಷ್ಟರಾಗ ಮ್ಯಾಲಿನ ಕೆರಿಯಿಂದ ಸುರಂಗಕ್ಕ ನೀರ ಬಿಟ್ಟ್ರು, ಅಂವ ಒಳಗs ಉಳದ."

"ಮತ್ತ ಬೆಳ್ಳಿ ಬಟ್ಟಲಾ?"

"ಯಾವ ಬಟ್ಟಲೂ ಹೋಗಿಲ್ಲ."

ಚಂದ್ರಾಬಾಯಿ ಕೈಯಲ್ಲಿನ ಲೋಟ ನೋಡಿದರು. ಅರ್ಧ ಖಾಲಿಯಾಗಿತ್ತು. "ಈ ನೀರು..." ಅಂದವರು ಲೋಟವನ್ನು ದಂಡೆಯ ಮೇಲೆ ಇಟ್ಟುಬಿಟ್ಟರು.

"ಹನ್ನೊಂದ ವರ್ಷ ನಾವೂ ಇದನ್ನs ಕುಡದೀವ್ರಿ. ಬಿಟ್ಟಿದ್ರ ಮಂದಿ ಯಾಕಂತ ಕೇಳ್ತಿದ್ರು."

ಕೆಳಗಿನಿಂದ ಮತ್ತೆ ಸದ್ದು ಬಂತು. ಈಗ ಯಾರೂ ಕೂಗಿರಲಿಲ್ಲ. ಕಾಲ ಕೆಳಗಿನ ಹಾಸುಗಲ್ಲೇ ಅದುರಿತು. ಶಿಕ್ಷಕಿಯರು ಒಬ್ಬರನ್ನೊಬ್ಬರು ಹಿಡಿದುಕೊಂಡು ಗೋಡೆಗೆ ಸರಿದರು. ಸಾಹುಕಾರ ದಂಡೆಯ ನೀರಲ್ಲಿ ಧೋತರ ಒದ್ದೆಯಾಗುವುದೂ ಗೊತ್ತಾಗದೆ ಸಂದಿನ ಮುಂದೆ ಕೂತ. ಅವನೇ ಕೂಗಿದ, "ಅದೀ ಏನಪ್ಪಾ."

ಟಕ್. ಟಕ್. ಟಕ್.

ಭಾಗಪ್ಪ ಅಂಗಿಯ ಮಣ್ಣು ಕೊಡವಿಕೊಂಡು ನಿಂತ. ಅವ್ವನಿಗೆ ಏನು ಹೇಳಬೇಕೆಂಬುದು ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನಿಗೆ ಗೊತ್ತಿತ್ತು.

"ಎಲ್ಲಿಗಿ ಹೊಂಟೀ, ತಮ್ಮಾ?" ಸಾಹುಕಾರ ಕುಳಿತಲ್ಲಿಂದಲೇ ಕೈ ಚಾಚಿದ. "ನೀ ಹೋದ್ರ ನನ್ನನ್ನ ಇಲ್ಲಿಂದ ಎಬ್ಬಸೋರು ಯಾರು?"

ಭಾಗಪ್ಪ ಹೆಬ್ಬಾಗಿಲು ದಾಟಿ, ಬಿಸಿಲಿಗಿಳಿದು, ಅವ್ವನಿದ್ದ ಇಬ್ರಾಹಿಂಪುರದ ದಾರಿ ಹಿಡಿದ.