ಮೂರು ಸಲ ತೊಳೆದ ಕ್ಯಾನು

ಮಾಂಸದಂಗಡಿಯ ಇಸ್ಮಾಯಿಲ್ ಸಾಬರು ಕ್ಯಾನು ಬಗ್ಗಿಸಿ ತಳದಲ್ಲಿದ್ದ ನೀರನ್ನು ಚರಂಡಿಗೆ ಚೆಲ್ಲಿದ್ದು ಕಂಡು ಉಮಾಮಹೇಶ್ವರಿ ಸ್ಕೂಟಿಗೆ ಸ್ಟ್ಯಾಂಡ್ ಹಾಕುವುದನ್ನೂ ಮರೆತು ಓಡಿದಳು. ಹಿಂದೆ ಸ್ಕೂಟಿ ಧೊಪ್ಪನೆ ಬಿತ್ತು.

“ಅಯ್ಯೋ ಸಾಬ್ರೆ, ಚೆಲ್ಲೇಬಿಟ್ರಾ!”

“ಹಳೇ ನೀರು ಕಣಮ್ಮ, ಹೋದ್ಸಲಾನೂ ಇತ್ತು. ಚೆಲ್ಲಿ, ಮೂರು ಸಲ ತೊಳೆದ್ಮೇಲೇ ನಾನು ರಕ್ತ ಹಿಡಿಯೋದು. ನಿಮ್ಮ ಫ್ಯಾಕ್ಟ್ರಿಯೋರು ಲಿಂಗ ಕಟ್ಟಿರೋರು, ನಮ್ಮಂಗ್ಡಿಯಿಂದ ಗಲೀಜು ಹೋಗ್ಬಾರ್ದು ಅಂತ.”

“ಅದು ನೀರಲ್ಲ, ಔಷಧಿ! ರಕ್ತ ಹೆಪ್ಪುಗಟ್ಟದೆ ಇರ್ಲಿ ಅಂತ ನಾನೇ ಹಾಕಿದ್ದು!”

ಸಾಬರ ಕೈಯಲ್ಲಿದ್ದ ಚೊಂಬು ಅಲ್ಲೇ ನಿಂತಿತು.

ಹಿರೇಹಳ್ಳಿಯ ಕಾರ್ಖಾನೆಯಲ್ಲಿ ಅವಳು ಪರೀಕ್ಷಿಸುತ್ತಿದ್ದುದು ಕೃತಕ ಶ್ವಾಸಕೋಶವನ್ನು. ಹೃದಯದ ಆಪರೇಷನ್ ಮುಗಿಯುವವರೆಗೆ ರೋಗಿಯ ರಕ್ತಕ್ಕೆ ಆಮ್ಲಜನಕ ತುಂಬುವ ಉಪಕರಣ. ಹಿಂದೆ ಪರೀಕ್ಷೆಗೆಂದು ಸಾಬರ ಅಂಗಡಿಯಿಂದ ಕುರಿ ರಕ್ತ ತರಿಸಿದ ಎರಡು ಸಲವೂ ಅದು ಒಳಗೆ ಗಡ್ಡೆ ಕಟ್ಟಿತ್ತು. ಇವತ್ತೂ ಕಟ್ಟಿದರೆ ಇದನ್ನು ಮೂಲೆಗೆಸೆದು ಡ್ರಿಪ್ ಪೈಪ್ ಮಾಡಿಕೊಂಡಿರೋಣ ಎಂದಿದ್ದರು ಮಾಲೀಕ ಷಡಕ್ಷರಿ. ಮಾಂಸದಂಗಡಿಗೆ ಕಾಲಿಡಲು ಹೇಸಿ ಆಟೋದಲ್ಲಿ ಕ್ಯಾನು ಕಳಿಸಿ ಸುಮ್ಮನಿರುತ್ತಿದ್ದವಳು, ಇವತ್ತು ಮನಸ್ಸು ತಡೆಯದೆ ಆಟೋದ ಹಿಂದೆಯೇ ಬಂದಿದ್ದಳು.

ಬ್ಯಾಗಿನಲ್ಲಿ ಇನ್ನೊಂದು ಸೀಸೆ ಔಷಧಿ ಇತ್ತು. ಅದನ್ನು ಕ್ಯಾನಿಗೆ ಸುರಿದು ತಾನೇ ಹಿಡಿದುಕೊಂಡಳು. ನಾಲ್ಕು ಕುರಿಗಳ ರಕ್ತ ಬೀಳುವಾಗ ಮುಖ ಆಚೆ ತಿರುಗಿಸಿದಳು. ಕ್ಯಾನು ಮಾತ್ರ ಅಲುಗಲಿಲ್ಲ.

“ತಪ್ಪು ನಂದು, ನಾನೇ ತಂದ್ಕೊಡ್ತೀನಿ ನಡೀರಿ,” ಎಂದು ಸಾಬರು ಕ್ಯಾನನ್ನು ತಮ್ಮ ಟಿವಿಎಸ್ ಮೇಲಿಟ್ಟುಕೊಂಡು ಹೊರಟರು.

ಕಾರ್ಖಾನೆಯಲ್ಲಿ, ಮೈಬಿಸಿಯಷ್ಟು ಕಾಯಿಸಿ ಆಮ್ಲಜನಕ ತೆಗೆದ ರಕ್ತ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ ಪೈಪಿನೊಳಗೆ ಹೋಯಿತು. ಉಪಕರಣದ ಆಚೆ ಬದಿಯಿಂದ ದಾಸವಾಳದಷ್ಟು ಕೆಂಪಗೆ ಹೊರಬಂತು. ಒಂದು ಗಂಟೆಯಾಯಿತು, ಎರಡಾಯಿತು. ಎಲ್ಲೂ ಗಡ್ಡೆಯಿಲ್ಲ.

“ತೊಂಬತ್ತೆಂಟು ಪರ್ಸೆಂಟ್!” ಷಡಕ್ಷರಿ ಆಮ್ಲಜನಕದ ಮೀಟರ್ ನೋಡಿ ಕೂಗಿದರು. “ಅಲ್ಲಮ್ಮ, ಹಂಗಾದ್ರೆ ಎರಡು ಸಲ ಯಾಕೆ ಫೇಲಾಯ್ತು?”

“ಕ್ಯಾನು ಜಾಸ್ತಿ ಕ್ಲೀನ್ ಆಗಿತ್ತು ಸಾರ್.”

ಸಾಬರು ಗಡ್ಡ ಕುಣಿಯುವಂತೆ ನಕ್ಕರು. ಆಮೇಲೆ ಕುತೂಹಲಕ್ಕೆಂದು ಕೆಂಪು ಪೈಪನ್ನು ಮುಟ್ಟಿ, ಸರಕ್ಕನೆ ಕೈ ಎಳೆದುಕೊಂಡರು. ಮತ್ತೆ ಮೆಲ್ಲಗೆ ಬೆರಳಿಟ್ಟರು. ಬೆಚ್ಚಗಿತ್ತು.

“ಬೆಳಿಗ್ಗೆ ನಾನೇ ಕುಯ್ದಿದ್ದು ಕಣಮ್ಮ,” ಎಂದರು. “ಕುರಿ ಸತ್ತಿರೋದು ಇದಕ್ಕಿನ್ನೂ ಗೊತ್ತೇ ಆಗಿಲ್ಲ.”